ಐದು ಸಾವಿರದ ಮೇಲೊಂದು ರೂಪಾಯಿ

ಆ ಬೆಳಿಗ್ಗೆ ನಳದಲ್ಲಿ ನೀರು ಐದೂವರೆಗೇ ಬಂತು. ಹೈದರಾಬಾದಿನ ಲಿಂಗಂಪಲ್ಲಿಯ ನಮ್ಮ ಗಲ್ಲಿಗೆ ದಿನ ಬಿಟ್ಟು ದಿನ ನೀರು ಬಿಡುತ್ತಾರೆ. ನೀರಿಗೆ ಮೊದಲು ಪೈಪು ಎರಡು ಸಲ ಗಾಳಿ ಉಗುಳುತ್ತದೆ. ಬೇರೆ ಅಲಾರಾಂ ಬೇಕಿಲ್ಲ. ಎದ್ದು, ನಳದ ಬಾಯಿಗೆ ಕಟ್ಟಿದ ಬಿಳಿ ಬಟ್ಟೆ ಬಿಚ್ಚಿ, ಜಾಲಿಸಿ, ಮತ್ತೆ ಕಟ್ಟಿ, ಡ್ರಮ್ಮು ತುಂಬಲು ಬಿಟ್ಟು ಹಾಲಿನ ಪ್ಯಾಕೆಟ್ಟು ತರಲು ಗೇಟಿಗೆ ಹೋದೆ. ನಮ್ಮ ಯಜಮಾನರ ಕಾರ್ಖಾನೆಯ ಬಸ್ಸು ಆರೂ ಮುಕ್ಕಾಲಿಗೆ ಮೂಲೆಯಲ್ಲಿ ನಿಲ್ಲುತ್ತದೆ. ಅಷ್ಟರೊಳಗೆ ಚಪಾತಿ, ಹೀರೇಕಾಯಿ ಪಲ್ಯ, ಮೊಸರನ್ನಕ್ಕೆ ಬೇರೆ ಸ್ಟೀಲ್ ಡಬ್ಬಿ. ಅವರು ಎಂದಿನಂತೆ ಕನ್ನಡಕ ಮರೆತು ಹೊರಟರು, ನಾನು ಎಂದಿನಂತೆ ಮೆಟ್ಟಿಲಿಳಿದು ಕೊಟ್ಟು ಬಂದೆ. ಏಳು ಗಂಟೆಗೆ ನನ್ನ ಕಾಫಿ. ಈ ಊರಿಗೆ ಬಂದು ಹತ್ತೊಂಬತ್ತು ವರ್ಷವಾದರೂ ಬೆಳಗಿನ ಕಾಫಿಯ ವಿಷಯದಲ್ಲಿ ಮಾತ್ರ ನಾನು ಇನ್ನೂ ಮೈಸೂರಿನವಳೇ.

ಲೋಟ ಅರ್ಧ ಆಗುವ ಹೊತ್ತಿಗೆ ಅವಳು ಬರುವುದು ರೂಢಿ. ನಮ್ಮ ಮನೆಯ ಎದುರು ಐದು ಅಂತಸ್ತಿನ ಕಟ್ಟಡ ಏಳುತ್ತಿತ್ತು. ಅವಳು ಅಲ್ಲಿ ಮರಳು ಹೊರುತ್ತಿದ್ದಳು, ಹೊಸ ಗೋಡೆಗಳಿಗೆ ನೀರು ಹೊಡೆಯುತ್ತಿದ್ದಳು. ರಾಯಚೂರು ಕಡೆಯ ಹಳ್ಳಿಯವಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ದಿನಾ ಪಟಾನ್‌ಚೆರುವಿನ ಬಸ್ಸು ಹತ್ತುತ್ತಿದ್ದ. ಇಬ್ಬರ ವಾಸ ಕಟ್ಟಡದ ಹಿಂದಿನ ತಗಡಿನ ಶೆಡ್ಡಿನಲ್ಲಿ. ಕುಡಿಯುವ ನೀರಿಗೆಂದು ಎರಡು ಕ್ಯಾನು ಹಿಡಿದು ನಮ್ಮ ಮನೆಗೆ ಬರುತ್ತಿದ್ದಳು, ಬಂದವಳು ಫೋನನ್ನು ನಮ್ಮ ಅಡುಗೆಮನೆಯ ಪ್ಲಗ್ಗಿಗೆ ಚಾರ್ಜಿಗಿಟ್ಟು ಹೋಗುತ್ತಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಒಯ್ಯುತ್ತಿದ್ದಳು. ಗೇಟು ತೆಗೆಯುವಾಗಲೂ ಹಾಕುವಾಗಲೂ ಸದ್ದಾಗದಂತೆ ಕೊಂಡಿಯನ್ನು ಬೆರಳಲ್ಲಿ ಹಿಡಿದಿರುತ್ತಿದ್ದಳು.

ಆ ದಿನ ಕೊಂಡಿ ಟಣ್ಣೆಂದಿತು. ಕ್ಯಾನೂ ತಂದಿರಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಯಾಕಮ್ಮಾ, ನೀರು ಬೇಡವಾ?"

"ಅಕ್ಕಾರ, ಹೋದ ವಾರ ನೀವು ನಿಮ್ಮ ಫೋನಿನ್ಯಾಗಿಂದ ಊರಿಗೆ ರೊಕ್ಕ ಹಾಕಿದ್ರಲ್ಲ. ಎಷ್ಟು ಹಾಕಿದ್ರಿ?"

"ಐದು ಸಾವಿರ. ನೀನೇ ಎಣಿಸಿ ಕೊಟ್ಟಿದ್ದೆಯಲ್ಲ."

"ಬರೇ ಐದು ಸಾವಿರ?"

"ಮೇಲೊಂದು ರೂಪಾಯಿ ನನ್ನದು ಸೇರಿಸಿದ್ದೆ. ಯಾಕೆ?"

ಅವಳು ಹಣೆಗೆ ಕೈ ಹಚ್ಚಿಕೊಂಡಳು. ಆಮೇಲೆ ನಿಧಾನವಾಗಿ, "ಹಂಗಾರ ನಮ್ಮತ್ತೀದು ತಪ್ಪಿಲ್ಲ ಬಿಡ್ರಿ" ಅಂದಳು.

ನನಗೆ ಏನೂ ಅರ್ಥವಾಗಲಿಲ್ಲ. ಕಾಫಿ ಆರುತ್ತಿತ್ತು. ಇನ್ನೊಂದು ಲೋಟ ತಂದು ಅದರಲ್ಲೇ ಅರ್ಧ ಅವಳಿಗೆ ಬಗ್ಗಿಸಿ, ನಾನೂ ಮೆಟ್ಟಿಲ ಮೇಲೆ ಕೂತೆ.

ಆ ಐದು ಸಾವಿರ ಒಂದು ಬಾಗಿಲಿನ ದುಡ್ಡು ಎಂದು ನನಗೆ ಗೊತ್ತಿತ್ತು. ಊರಲ್ಲಿ ಅವಳ ಅತ್ತೆ, ಅತ್ತೆಯ ಜೊತೆ ಅವಳ ಹದಿಮೂರು ವರ್ಷದ ಮಗಳು. ಮನೆಯ ಹಿಂದೆ ಬಚ್ಚಲಿಗೆಂದು ನಾಲ್ಕು ಗೋಡೆ ಎದ್ದು, ಮೇಲೆ ಸಿಮೆಂಟು ಶೀಟೂ ಬಿದ್ದಿತ್ತು. ಬಾಗಿಲಿನ ಜಾಗದಲ್ಲಿ ಮಾತ್ರ ಅಜ್ಜಿಯ ಹಳೆಯ ಸೀರೆ. ಅದೂ ನಡೆಯುತ್ತಿತ್ತೇನೋ. ಆದರೆ ಹಿಂದಿನ ಮನೆಯ ಮಗ ಪುಣೆಯಲ್ಲಿ ದುಡಿದು ಕಳಿಸಿದ ದುಡ್ಡಿನಲ್ಲಿ ಅವರ ಮಾಳಿಗೆಯ ಮೇಲೊಂದು ಕೋಣೆ ಬಂತು, ಕೋಣೆಗೆ ಹೊರಗಿನಿಂದ ಮೆಟ್ಟಿಲು ಬಂತು, ಆ ಮೆಟ್ಟಿಲು ಸರಿಯಾಗಿ ಈ ಸೀರೆಗೆ ಮುಖ ಮಾಡಿ ನಿಂತಿತು. ಗಾಳಿ ಬಂದರೆ ಸೀರೆ ಏಳುತ್ತದೆ. ಹುಡುಗಿ ಕತ್ತಲಿರುವಾಗಲೇ ಎದ್ದು ಸ್ನಾನ ಮುಗಿಸಲು ಶುರು ಮಾಡಿದ್ದಳು.

ಬೇಸಿಗೆ ರಜೆಗೆ ಆ ಹುಡುಗಿ ಇಲ್ಲಿಗೆ ಬಂದಿದ್ದಳು. ಶೆಡ್ಡುಗಳ ಕೊನೆಯಲ್ಲಿ ಕೂಲಿಯವರಿಗೆಲ್ಲ ಸೇರಿ ಒಂದು ಬಚ್ಚಲಿದೆ. ತಗಡಿನದೇ ಆದರೂ ಬಾಗಿಲಿದೆ. ವಾಪಸು ಹೋಗುವ ದಿನ ಕಾಚಿಗೂಡದ ಪ್ಲಾಟ್‌ಫಾರಂ ಮೇಲೆ ತಾಯಿಗೆ ಹೇಳಿದ್ದಳಂತೆ: "ಸಾಲಿ ಚಾಲೂ ಆಗೂದ್ರಾಗ ಬಾಗಲಾ ಹಾಕಸು. ಇಲ್ಲಂದ್ರ ನಾ ಇಲ್ಲೇ ಬಂದು ನಿನ್ನ ಕೂಡ ಉಸುಕು ಹೊರ್ತೀನಿ." ಮರಳು ಹೊರುವ ಆ ಮಾತು ತಾಯಿಯ ಎದೆ ಹೊಕ್ಕಿತ್ತು. ಸೈಟಿನ ಶೆಡ್ಡಿನಲ್ಲಿ ಬೆಳೆಯುವ ಹುಡುಗಿಯರು ಏನಾಗುತ್ತಾರೆ ಎಂದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಏಳನೇ ತರಗತಿ ಮುಗಿಸಿದವಳು ಎಂಟಕ್ಕೆ ಹೋಗದೆ ತಲೆಯ ಮೇಲೆ ಬುಟ್ಟಿ ಇಟ್ಟರೆ ಆ ಬುಟ್ಟಿ ಮತ್ತೆ ಇಳಿಯುವುದಿಲ್ಲ.

ಹಾಗಾಗಿ ಗಂಡ ಹೆಂಡತಿ ಸೇರಿಸಿದ ಐದು ಸಾವಿರ. ಎಂದಿನಂತೆ ಸ್ಟೇಷನ್ ಹತ್ತಿರದ ಅಂಗಡಿಯಿಂದ ಅವಳೇ ಕಳಿಸಬೇಕಿತ್ತು. ಆ ವಾರ ಅವಳ ಫೋನು ಗಾಜೊಡೆದು ರಿಪೇರಿಗೆ ಹೋಗಿತ್ತು, ನಂಬರುಗಳೆಲ್ಲ ಅದರಲ್ಲೇ. ಊರಿನ ಕಿರಾಣಿ ಅಂಗಡಿಯವನ ನಂಬರು ಒಂದು ಚೀಟಿಯಲ್ಲಿತ್ತು. ದುಡ್ಡು ಅವನಿಗೆ ಹೋಗುತ್ತದೆ, ಅವನು ನೋಟು ಎಣಿಸಿ ಅತ್ತೆಯ ಕೈಗೆ ಕೊಡುತ್ತಾನೆ. "ನೀವೇ ಹಾಕಿಬಿಡ್ರಿ ಅಕ್ಕಾರ" ಎಂದು ಕೊಟ್ಟಳು. ಫೋನ್ ಮಾಡಿ ಹೇಳಲೇ ಎಂದು ಕೇಳಿದ್ದೆ. "ಬ್ಯಾಡ್ರಿ. ರೊಕ್ಕ ನೋಡಿದ ಕೂಡ್ಲೇ ಅತ್ತೀಗೆ ತಿಳೀತೈತಿ" ಅಂದಿದ್ದಳು. ದುಡ್ಡು ನೋಡಿ ಏನು ತಿಳಿಯುತ್ತದೆ ಎಂದು ಆಗ ಕೇಳಬೇಕೆನಿಸಿತ್ತು, ಒಲೆಯ ಮೇಲೆ ಹಾಲಿತ್ತು, ಕೇಳಲಿಲ್ಲ.

ಕಳಿಸುವಾಗ ಐದರ ಮುಂದೆ ಮೂರು ಸೊನ್ನೆ ಒತ್ತಿ ಕೈ ನಿಂತಿತು. ನಮ್ಮ ತಾಯಿ ಸೊನ್ನೆಯಲ್ಲಿ ಮುಗಿಯುವ ಹಣವನ್ನು ಒಳ್ಳೆಯ ಕೆಲಸಕ್ಕೆ ಯಾವತ್ತೂ ಕೊಟ್ಟವರಲ್ಲ. ಬಾಗಿಲೆಂದರೆ ಶುಭವೇ ಅಲ್ಲವೇ. ಕೊನೆಯ ಸೊನ್ನೆ ಅಳಿಸಿ ಒಂದು ಒತ್ತಿದೆ. ಇದನ್ನು ಅವಳಿಗೆ ಹೇಳುವಷ್ಟು ದೊಡ್ಡ ಸಂಗತಿ ಅನಿಸಲಿಲ್ಲ.

ಈಗ ಮೆಟ್ಟಿಲ ಮೇಲೆ ಕೂತು ಅವಳು ಬಿಡಿಸಿ ಹೇಳಿದಳು. ಅತ್ತೆಗೆ ಓದು ಬರುವುದಿಲ್ಲ. ಅಂಗಡಿಯಲ್ಲಿ ಸದಾ ನಾಲ್ಕು ಜನ ಕೂತಿರುತ್ತಾರೆ. ಅಂಗಡಿಯವನು "ಹೈದರಾಬಾದಿನಿಂದ ಇಷ್ಟು ಬಂತು" ಎಂದು ಗಟ್ಟಿಯಾಗಿ ಓದುತ್ತಾನೆ. ಯಾವುದಕ್ಕೆ ಬಂತು ಎಂದೂ ಅವರೆಲ್ಲ ಕೇಳಿಸಿಕೊಳ್ಳುವುದು ಅತ್ತೆ ಸೊಸೆ ಇಬ್ಬರಿಗೂ ಬೇಡ. ಹಾಗಾಗಿ ಮೊತ್ತದಲ್ಲೇ ಹೇಳಿಬಿಡುವ ಒಂದು ಕ್ರಮ ಮಾಡಿಕೊಂಡಿದ್ದರು. ಸೊನ್ನೆಯಲ್ಲಿ ಮುಗಿದರೆ ಅದು ಮನೆಯ ದುಡ್ಡು: ಜೋಳ, ಎಣ್ಣೆ, ಸಾಲಿಯ ಪುಸ್ತಕ, ಗೋಡೆ, ಶೀಟು. ಐವತ್ತರಲ್ಲಿ ಮುಗಿದರೆ ಅದು ಅತ್ತೆಯ ಸ್ವಂತದ್ದು: ಮೊಣಕಾಲಿನ ಔಷಧಿ, ಎಲೆ ಅಡಿಕೆ, ಅವಳ ಇಷ್ಟ. ಒಂದರಲ್ಲಿ ಮುಗಿದರೆ ಆಯೇರಿ. ನೆಂಟರ ಮನೆಯ ಮದುವೆ, ಮಗುವಿನ ಮೊದಲ ಕೂದಲು ತೆಗೆಸುವ ಜವಳ, ತೊಟ್ಟಿಲಿಗೆ ಕೊಡುವ ಉಡುಗೊರೆಗೆ ಅವರಲ್ಲಿ ಆಯೇರಿ ಅನ್ನುತ್ತಾರೆ. ನಮ್ಮ ಕಡೆಯ ಮುಯ್ಯಿ. ಸಾಮಾನ್ಯವಾಗಿ ನೂರಾ ಒಂದು. ಬಹಳ ಹತ್ತಿರದವರಾದರೆ ಐನೂರಾ ಒಂದು.

"ನಾವು ಊರಾಗ ಇರೂದಿಲ್ರಿ. ಆಯೇರಿ ಮಾಡಿದ್ರ ಮೈಕಿನ್ಯಾಗ ನಮ್ಮ ಹೆಸರು ಕೂಗ್ತಾರ. ಅಷ್ಟರ ಮಟ್ಟಿಗೆ ನಾವು ಊರಾಗ ಇದ್ದಂಗ."

"ಅಂದರೆ ಆ ಐದು ಸಾವಿರ—"

"ಮರುದಿನ ನಮ್ಮತ್ತಿ ತಮ್ಮನ ಮನ್ಯಾಗ ಮೊಮ್ಮಗಂದು ಜವಳ ಇತ್ರಿ. ಮಾಡಿಬಿಟ್ಟಾಳ. ಐದು ಸಾವಿರದ ಒಂದು. ಮೈಕಿನವ ಎರಡು ಸಲ ಕೂಗಿದ್ನಂತ."

ಅವಳ ಫೋನು ಹಿಂದಿನ ಸಂಜೆಯಷ್ಟೇ ರಿಪೇರಿಯಾಗಿ ಬಂದಿತ್ತು. ಬಂದ ಮೊದಲ ಕರೆ ಮಗಳದು. ಬಾಗಿಲು ಬಂದಿಲ್ಲ, ದುಡ್ಡು ಅಜ್ಜಿ ಆಯೇರಿ ಮಾಡಿದಳು, ಬರುವ ಭಾನುವಾರ ನಾನು ರೈಲು ಹತ್ತುತ್ತೇನೆ, ಇಷ್ಟೇ ಹೇಳಿ ಇಟ್ಟಳಂತೆ. ಆಮೇಲೆ ಇವಳು ಅತ್ತೆಯೊಡನೆ ಮಾತಾಡಿ ಮಿಕ್ಕದ್ದು ತಿಳಿದುಕೊಂಡಿದ್ದಳು. ಅದೆಲ್ಲ ಸೋಮವಾರ ಸಂಜೆ. ಶಾಲೆ ಆಗಲೇ ಶುರುವಾಗಿತ್ತು, ಹುಡುಗಿ ಹೋಗಿರಲಿಲ್ಲ.

ನಾನು ಒಳಗೆ ಹೋಗಿ ಗೋದ್ರೇಜಿನಿಂದ ಐದು ಸಾವಿರ ತಂದೆ. ತಪ್ಪು ನನ್ನದು, ತೆಗೆದುಕೋ ಅಂದೆ. ಅವಳು ನೋಟುಗಳನ್ನು ನೋಡಿದಳು, ಮುಟ್ಟಲಿಲ್ಲ.

"ನೀವು ಕೊಡ್ತೀರಿ, ನಾನೂ ಕಳಿಸ್ತೀನಿ. ವಾರದಾಗ ಎರಡನೇ ಸಲ ಐದು ಸಾವಿರ ಬಂತಂದ್ರ ಅಂಗಡ್ಯಾಗ ಕುಂತವ್ರು ಏನಂದಾರು? ನಾಳಿಂದ ಊರ ಮಂದೆಲ್ಲ ಲಗ್ನಪತ್ರಿಕಿ ಹಿಡ್ಕೊಂಡು ನಮ್ಮತ್ತಿ ಮುಂದ ಸಾಲಗಟ್ಟಿ ನಿಂದರ್ತಾರ. ಎಲ್ಲಾರಿಗೂ ಐದು ಸಾವಿರದ ಒಂದು ನೀವು ಕೊಡ್ತೀರೇನು?"

ಅವಳು ನಗಿಸಲು ಹೇಳಿದಳೋ ಗಂಭೀರವಾಗಿಯೋ ತಿಳಿಯಲಿಲ್ಲ. ನೋಟು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡೆ.

ಅವಳ ದುಡ್ಡು ಊರಲ್ಲಿ ಏನಾಗುತ್ತದೆ ಎಂಬುದು ನನಗೆ ಮೊದಲಿನಿಂದಲೂ ಕುತೂಹಲದ ವಿಷಯ. ವಾರಕ್ಕೊಮ್ಮೆ ನಮ್ಮ ಅಡುಗೆಮನೆಯಲ್ಲಿ ನಿಂತು ಅವಳು ವಿಡಿಯೋ ಕಾಲ್ ಮಾಡುವಾಗ ನಾನು ತರಕಾರಿ ಹೆಚ್ಚುತ್ತ ಓರೆಗಣ್ಣಲ್ಲಿ ನೋಡುತ್ತಿದ್ದೆ. ಮಗಳು ಫೋನು ಹಿಡಿದು ಮನೆಯಲ್ಲೆಲ್ಲ ತಿರುಗಿಸುತ್ತಿದ್ದಳು. ಮುಂದಿನ ಗೋಡೆಗೆ ಗಿಲಾವು, ಅದರ ಮೇಲೆ ತಿಳಿನೀಲಿ ಬಣ್ಣ. ಪಕ್ಕದ, ಹಿಂದಿನ ಗೋಡೆಗಳು ಬರೀ ಇಟ್ಟಿಗೆ. ಕಾನ್ವೆಂಟಿನಲ್ಲಿ ನಮಗೆ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ಮೊದಲು ಬಟ್ಟೆಯ ಹಿಂಬದಿ ತಿರುಗಿಸಿ ನೋಡಿ ಆಮೇಲೆ ಅಂಕ ಹಾಕುತ್ತಿದ್ದರು; ಆ ಅಭ್ಯಾಸದಿಂದಲೋ ಏನೋ ನನ್ನ ಕಣ್ಣು ಹಿಂದಿನ ಗೋಡೆಗೇ ಹೋಗುತ್ತಿತ್ತು. ಮುಂದಿನದಕ್ಕೇ ಏಕೆ ಬಣ್ಣ ಎಂದು ಕೇಳಿದ್ದೆ. "ಹಾದಿ ಮ್ಯಾಲೆ ಹೋಗೋರಿಗೆ ಮುಂದಿಂದಲ್ರೀ ಕಾಣೂದು" ಅಂದಿದ್ದಳು. ಒಂದು ಮಿಕ್ಸಿ ಇತ್ತು, ಅದರ ಮೇಲೆ ಗುಲಾಬಿ ಹೆಣೆದ ಕವಚ. ಅತ್ತೆ ಖಾರ ಅರೆಯುವುದು ಒಳಕಲ್ಲಿನಲ್ಲೇ. ಮಿಕ್ಸಿ ಬೀಗರು ಬಂದಾಗ ಕವಚ ತೆಗೆಯಲಿಕ್ಕೆ. ಮಳೆಗಾಲದಲ್ಲಿ ಮೇಸ್ತ್ರಿ ಕೊಟ್ಟ ಮುಂಗಡ ದುಡ್ಡು ಎರಡು ಆಡಾಗಿತ್ತು, ಆಡು ಮಾರಿ ಸಿಮೆಂಟು ಶೀಟಾಗಿತ್ತು. ಮನೆ ಎಂಬುದು ನಮ್ಮೆದುರಿನ ಕಟ್ಟಡದ ಹಾಗೆ ಒಂದೇ ಸಮನೆ ಮೇಲೇಳುವುದಿಲ್ಲ, ಇಂಥ ತಿಂಗಳಲ್ಲಿ ಇಂಥ ಮೂಲೆ ಎಂದು ಬೆಳೆಯುತ್ತದೆ ಎಂದು ನಾನು ಕಲಿತದ್ದು ಆ ಪುಟ್ಟ ಪರದೆಯಿಂದ.

ಎಂಟು ಗಂಟೆಗೆ ಮೇಸ್ತ್ರಿ ಸೀಟಿ ಊದಿದ. ಅವಳು ಏಳಲಿಲ್ಲ. "ಅಕ್ಕಾರ, ಅತ್ತೀಗೆ ನೀವೇ ಒಂದು ಮಾತು ಹೇಳ್ರಿ. ನನ್ನ ಮಾತು ಕೇಳಂಗಿಲ್ಲ. ಒಂದು ರೂಪಾಯಿ ನಾ ಹಚ್ಚಿಲ್ಲಂದ್ರ ನಂಬವಲ್ಲಳು" ಎಂದು ಫೋನು ಸ್ಪೀಕರಿಗೆ ಹಾಕಿ ಕೊಟ್ಟಳು.

ಅತ್ತೆಯ ದನಿ ನಾನೆಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು. ಹಿಂದೆ ಕೋಳಿಗಳ ಸದ್ದು.

"ಅಮ್ಮಾ, ಆ ಒಂದು ರೂಪಾಯಿ ನಾನು ಸೇರಿಸಿದ್ದು" ಅಂದೆ. "ನಿಮ್ಮ ಸೊಸೆಗೆ ಗೊತ್ತೇ ಇರಲಿಲ್ಲ."

"ನೀವು ಯಾರವ್ವಾ?"

"ನೀರು ಕೊಡೋ ಮನೆಯವಳು."

"ಅಯ್ಯ, ನೀವಾ. ನೀರಿನ ಅಕ್ಕಾರು." ಕೋಳಿಗಳನ್ನು ಹುಷ್ ಎಂದು ಅಟ್ಟಿದರು. "ಯಾಕ ಸೇರ್ಸಿದ್ರಿ?"

"ಶುಭ ಅಂತ."

"ಶುಭ ಆತು ನೋಡವ್ವಾ. ನಮ್ಮ ತಮ್ಮನ ಹೇಣ್ತಿ ಇಪ್ಪತ್ತು ವರ್ಷದಾಗ ನನ್ನ ಮೊದಲನೇ ಪಂಕ್ತ್ಯಾಗ ಕುಂದರ್ಸಿದಾಕಿ ಅಲ್ಲ. ಆವತ್ತು ಕೈ ಹಿಡಿದು ಕುಂದರ್ಸಿದ್ಲು. ಹೋಳಗಿ ಮ್ಯಾಲೆ ಹೋಳಗಿ."

ಸೊಸೆ ನಡುವೆ ಬಾಯಿ ಹಾಕಿದಳು. "ಹೋಳಗಿ ನೀ ತಿಂದಿ, ಬಾಗಲಾ ಯಾರು ಹಾಕಸೋರು ಈಗ?"

"ನಾ ಏನು ಮಾಡ್ಲೆವ್ವಾ. ಒಂದು ಇತ್ತು, ಮಾಡ್ದೆ. ಇಷ್ಟು ದೊಡ್ಡದು ಯಾಕ ಕಳಿಸ್ಯಾಳಂತ ನನಗೂ ಎದಿ ಡವ್ ಅಂತು. ಕೂಸು ಬಾಗಲದ್ದು ಅಂತ ಹೇಳ್ತು. ಹಂಗಾರ ಒಂದು ಯಾಕೈತಿ ಅಂದ್ರ ಅದರ ಬಾಯಾಗ ಉತ್ತರಿಲ್ಲ."

"ವಾಪಸ್ ಕೇಳಕ್ಕಾಗಲ್ವಾ ಅಮ್ಮಾ, ತಪ್ಪಾಗಿದೆ ಅಂತ?" ಎಂದು ನಾನು ಕೇಳಿದೆ. ಕೇಳಿದ ಕೂಡಲೇ ಅವಳು ಕಣ್ಣಲ್ಲೇ ಬೇಡ ಅಂದಳು.

"ಮೈಕಿನ್ಯಾಗ ಕೂಗ್ಯಾರವ್ವಾ. ಕೂಗಿದ್ದನ್ನ ಹೆಂಗ ಕೇಳೂದು?" ಎಂದರು ಮುದುಕಿ. ಆಮೇಲೆ ಕೋಳಿಗಳಿಗೆ ಏನೋ ಎರಚಿದ ಸದ್ದಾಯಿತು. "ಕೇಳೂ ಹಂಗಿಲ್ಲ. ಅವರು ತಿರುಗಿ ನಮಗ ಮಾಡಬೇಕಂದ್ರ ನಮ್ಮ ಮನ್ಯಾಗ ಒಂದು ಕಾರ್ಯ ಆಗಬೇಕು. ನಮ್ಮ ಮನ್ಯಾಗ ಯಾವ ಕಾರ್ಯ ಐತಿ? ಕೂಸಿನ ಲಗ್ನಕ್ಕ ಇನ್ನಾ ಹತ್ತು ವರ್ಷ ಐತಿ."

ಮುದುಕಿ ಹತ್ತು ವರ್ಷ ಅಂದದ್ದಕ್ಕೆ ನನಗೆ ಒಳಗೇ ಖುಷಿಯಾಯಿತು. ಹದಿಮೂರರ ಹುಡುಗಿಗೆ ಐದು ವರ್ಷ ಎನ್ನುವ ಅಜ್ಜಿಯರೂ ಇದ್ದಾರೆ.

ಹಿಂದಿನಿಂದ ಹುಡುಗಿಯ ದನಿ ಬಂತು, ಹತ್ತಿರದಲ್ಲೇ ಇದ್ದಳು. "ಕಾರ್ಯ ಬ್ಯಾಡ ಏನ್ ಬ್ಯಾಡ. ಐತವಾರ ನಾ ಹೋಗಾಕಿ."

"ಹೋಗಾಕೆಂತ" ಎಂದು ಅಜ್ಜಿ ಅಣಕಿಸಿದರು. "ರೈಲಿಗೆ ರೊಕ್ಕ ಯಾರು ಕೊಡ್ತಾರ? ಅದೂ ಐದು ಸಾವಿರದ ಒಂದ್ರಾಗ ಹೋತು."

ಮಾತು ರೈಲಿನಿಂದ ಬೇರೆಡೆಗೆ ತಿರುಗಲಿ ಎಂದು, ನಿಜವಾಗಿ ತಿಳಿಯುವ ಆಸೆಯಿಂದಲೂ ನಾನು ಕೇಳಿದೆ: "ಅಮ್ಮಾ, ಕಾರ್ಯ ಅಂದರೆ ಯಾವುದು ಯಾವುದು ಲೆಕ್ಕಕ್ಕೆ ಬರುತ್ತೆ ನಿಮ್ಮಲ್ಲಿ?"

"ಲಗ್ನ, ಬಸರಿ ಕುಬಸ, ತೊಟ್ಟಲಾ, ಜವಳ" ಎಂದು ಅವರು ಬೆರಳು ಮಡಚಿ ಎಣಿಸುವವರಂತೆ ಹೇಳಿದರು. "ಮನಿ ಕಟ್ಟಿದ್ರ ಬಾಗಲಾ ನಿಲ್ಲಸೂದೂ ಕಾರ್ಯನ. ಚೌಕಟ್ಟಿಗೆ ಅರಿಶಿಣ ಹಚ್ಚಿ..." ಅಲ್ಲಿಗೆ ನಿಲ್ಲಿಸಿದರು. "ಇಡ್ರಿ ಫೋನು" ಅಂದರು. ನಾವು ಇಡುವ ಮೊದಲೇ ಅವರೇ ಇಟ್ಟರು.

ಸೊಸೆ ನನ್ನ ಮುಖ ನೋಡಿದಳು. "ಬಚ್ಚಲ ಬಾಗಲಕ್ಕ ಯಾರರ ಕಾರ್ಯ ಮಾಡ್ತಾರೇನ್ರಿ?" ಎಂದು ಎದ್ದು, ಫೋನು ಚಾರ್ಜಿಗೂ ಇಡದೆ ಸೈಟಿಗೆ ಓಡಿದಳು. ಆ ದಿನ ಅವಳಿಗೆ ಅರ್ಧ ಗಂಟೆ ತಡವಾಗಿತ್ತು. ಮೇಸ್ತ್ರಿ ಬಾಯಿ ಮಾಡಿದ್ದು ನಮ್ಮ ಅಡುಗೆಮನೆಯವರೆಗೂ ಕೇಳಿಸಿತು.

ನಾನು ಬೇಳೆ ಬೇಯಲಿಟ್ಟೆ, ಬಟ್ಟೆ ಹರವಿದೆ. ಒಂದು ರೂಪಾಯಿ ನನ್ನ ಕೈಯಿಂದ ಹೊರಟು ಎಲ್ಲೆಲ್ಲಿ ಹೋಗಿ ಏನು ಮಾಡಿತು ಎಂದು ಯೋಚಿಸುತ್ತ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆತೆ. ರುಚಿ ನೋಡಿದರೆ ಎರಡು ಸಲ ಹಾಕಿದ್ದೆ.

ಹನ್ನೆರಡೂವರೆಗೆ ಅವಳು ಊಟದ ಬಿಡುವಿನಲ್ಲಿ ಬಂದಾಗ ಮುಖ ಬೇರೆಯೇ ಆಗಿತ್ತು. ಕೈಕಾಲಿನ ಸಿಮೆಂಟು ತೊಳೆಯುತ್ತಲೇ ಮಾತು ಶುರು ಮಾಡಿದಳು. ಅತ್ತೆ ಫೋನು ಇಟ್ಟವರೇ ತಮ್ಮನಿಗೆ ಮಾಡಿದ್ದರು. ನಮ್ಮ ಮನೆಯಲ್ಲಿ ಬಾಗಿಲು ನಿಲ್ಲಿಸುವ ಕಾರ್ಯ ಇಟ್ಟುಕೊಂಡಿದ್ದೇನೆ, ಬರಬೇಕು ಎಂದು ಕರೆದಿದ್ದರು. ಯಾವಾಗ ಅಂದರೆ ಇವತ್ತೇ. ಯಾವ ಬಾಗಿಲು ಅಂದರೆ ಬಚ್ಚಲದ್ದು.

"ಅವರು ನಗಲಿಲ್ವಾ?"

"ನಗೂದು ಎಲ್ಲೀದು ಅಕ್ಕಾರ. ಅಂವ ಜವಳದ ದಿನದಿಂದ ನಿದ್ದಿ ಮಾಡಿಲ್ಲಂತ." ಅವಳು ಅತ್ತೆಯ ತಮ್ಮನ ದನಿಯನ್ನೇ ತಂದಳು: "‘ಯಕ್ಕಾ, ಐದು ಸಾವಿರದ ಒಂದು ಮಾಡಿ ಕುಂತಿ. ನಾಳೆ ನಿನ್ನ ಮನ್ಯಾಗ ಏನರ ಆದ್ರ ನಾ ಆರು ಸಾವಿರ ಎಲ್ಲಿಂದ ತರ್ಲಿ? ನನ್ನ ಹೇಣ್ತಿ ಹೋಳಗಿ ನೀಡಿದ್ಲು, ನನಗ ಒಂದೂ ಗಂಟಲಾಗ ಇಳೀಲಿಲ್ಲ.’ ಹಿಂಗಂದ್ನಂತ."

ಇದು ನನಗೆ ಹೊಳೆದೇ ಇರಲಿಲ್ಲ. ಆಯೇರಿ ಮಾಡಿದವರಿಗೆ, ತೆಗೆದುಕೊಂಡವರು ಸರದಿ ಬಂದಾಗ ಒಂದಿಷ್ಟು ಹೆಚ್ಚು ಸೇರಿಸಿ ಮಾಡಬೇಕು. ನೂರಾ ಒಂದಕ್ಕೆ ಇನ್ನೂರಾ ಒಂದಾದರೆ ಯಾರಿಗೂ ಭಾರವಲ್ಲ. ಐದು ಸಾವಿರದ ಒಂದು ಆ ಮನೆಯ ಯಜಮಾನನ ತಲೆಯ ಮೇಲೆ ಕೂತುಬಿಟ್ಟಿತ್ತು. ಅವನೂ ಹೊಲಗೆಲಸದ ಜೊತೆ ಇನ್ನೊಬ್ಬರ ಟಂಟಂ ಆಟೋ ಓಡಿಸುವವನು. ಅಕ್ಕ ಕರೆದದ್ದೇ ಸಾಕೆಂದು, ನೋಟು ವಾಪಸು ಕೊಟ್ಟರೆ ಚೆನ್ನಾಗಿರುವುದಿಲ್ಲ, ಬಾಗಿಲನ್ನೇ ಆಯೇರಿ ಮಾಡುತ್ತೇನೆ ಎಂದು ತಾಲೂಕಿನ ಊರಿಗೆ ಟಂಟಂ ತಿರುಗಿಸಿದ್ದ.

"ಆದರೆ ಆರು ಸಾವಿರದ್ದು ತರಬೇಕಲ್ಲ ಅವನು, ನಿಮ್ಮ ಲೆಕ್ಕದಲ್ಲಿ?"

"ಬಾಗಲಾ, ಚೌಕಟ್ಟು, ಮ್ಯಾಲೊಂದು ಕುಬಸದ ಅರಿವಿ. ಬಾಗಲಕ್ಕ ಎಷ್ಟು ಕೊಟ್ಟಾನಂತ ಮೈಕಿನ್ಯಾಗ ಕೂಗೂದಿಲ್ರಿ" ಎಂದು ನಕ್ಕಳು. ಆ ದಿನ ಮೊದಲ ಸಲ ನಕ್ಕದ್ದು. ನಮ್ಮ ಉಪ್ಪು ಸಾರನ್ನೂ ಏನೂ ಹೇಳದೆ ರೊಟ್ಟಿಯ ಜೊತೆ ಉಂಡಳು.

"ಮಗಳು ಏನಂತಾಳೆ?"

"ಮಾತಾಡವಲ್ಲಳು. ಕಣ್ಣೀಲೆ ನೋಡೂ ತನಕ ನಂಬಾಕಿ ಅಲ್ಲ ಅದು. ನನ್ನಂಗ."

ಸಂಜೆ ಐದೂವರೆಗೆ ಕೆಲಸ ಬಿಟ್ಟು ಅವಳು ನೇರ ನಮ್ಮ ಮನೆಗೆ ಬಂದಳು. ಗಂಡ ಇನ್ನೂ ಪಟಾನ್‌ಚೆರುವಿನಿಂದ ಬಂದಿರಲಿಲ್ಲ. ಶೆಡ್ಡಿನಲ್ಲಿ ಸಿಗ್ನಲ್ಲು ಸರಿಯಿಲ್ಲ ಅಂದಳು. ಇಷ್ಟು ದಿನ ಸರಿಯಿತ್ತು, ನನ್ನನ್ನೂ ಸೇರಿಸಿಕೊಳ್ಳಲು ಹಾಗಂದಳೆಂದು ನನಗೆ ತಿಳಿಯಿತು. ನಾವಿಬ್ಬರೂ ಅಡುಗೆಮನೆಯ ಕಟ್ಟೆಗೆ ಫೋನನ್ನು ಆನಿಸಿ ನಿಂತೆವು.

ಪರದೆಯಲ್ಲಿ ಮೊದಲು ಕಂಡದ್ದು ಜನ. ಅಜ್ಜಿ ನಿಜವಾಗಿಯೂ ಐದು ಮಂದಿ ಮುತ್ತೈದೆಯರನ್ನು ಕರೆದಿದ್ದರು. ಕಬ್ಬಿಣದ ಚೌಕಟ್ಟಿಗೆ ಅರಿಶಿನ ಬಳಿದು, ಮೇಲೆ ಮಾವಿನೆಲೆ ಕಟ್ಟಿದ್ದರು. ಬಾಗಿಲು ತಗಡಿನದು, ಗಾಢ ಹಸಿರು. ಮೂಲೆಯಲ್ಲಿ ಗೌಂಡಿಯೊಬ್ಬ ಕಲಸಿದ ಸಿಮೆಂಟನ್ನು ಕರಣೆಯಿಂದ ಸವರುತ್ತಿದ್ದ. ತಮ್ಮ ಹೊಸ ಟವೆಲ್ಲು ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲಿ ನೆಟ್ಟಗೆ ನಿಂತಿದ್ದ, ಫೋಟೋ ತೆಗೆಯುತ್ತಾರೇನೋ ಎಂಬಂತೆ. ವಾರದ ನಿದ್ದೆ ಆ ರಾತ್ರಿ ಬರುವ ಹಾಗೆ ಕಾಣುತ್ತಿತ್ತು.

ಗುಂಪಿನಲ್ಲಿದ್ದ ಒಬ್ಬಾಕೆ, "ಬಚ್ಚಲಕ್ಕ ತೆಂಗಿನಕಾಯಿ ಒಡಿಯೂದು ಇದ ಮೊದಲ ನೋಡಾಕತ್ತೀನಿ ಯವ್ವಾ" ಅಂದಳು.

"ಯಾಕ, ನೀ ಜಳಕಾ ಮಾಡೂದಿಲ್ಲೇನು?" ಎಂದರು ಅಜ್ಜಿ, ಕಾಯಿ ಒಡೆಯುತ್ತಲೇ. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಫೋನು ಅಲುಗಾಡಿ ಒಂದು ಕ್ಷಣ ಹಿಂದಿನ ಮನೆಯ ಮೆಟ್ಟಿಲು ಕಂಡಿತು. ಅಲ್ಲಿ ಇಬ್ಬರು ಕೂತು ಕಾರ್ಯ ನೋಡುತ್ತಿದ್ದರು.

ಫೋನು ಹಿಡಿದವಳು ಮಗಳೇ. ಅವಳ ಮುಖ ಕಾಣುತ್ತಿರಲಿಲ್ಲ, ಉಸಿರು ಕೇಳುತ್ತಿತ್ತು. ತಾಯಿ, "ನಿನ್ನ ಮಾರಿ ತೋರ್ಸಲೇ" ಅಂದಳು. ಮಗಳು ತೋರಿಸಲಿಲ್ಲ. ಫೋನನ್ನು ಬಾಗಿಲ ಹತ್ತಿರ ಒಯ್ದಳು. ಹಸಿರು ತಗಡು ಪರದೆಯ ತುಂಬ ಬಂತು, ಅದರಲ್ಲೊಂದು ಕೈ, ಬಳೆಯಿಲ್ಲದ ತೆಳ್ಳನೆಯ ಕೈ, ತಗಡನ್ನು ಮೇಲಿನಿಂದ ಕೆಳಗೆ ಒಮ್ಮೆ ಸವರಿತು.

"ಮುಟ್ಟಬ್ಯಾಡ, ಸಿಮೆಂಟು ಹಸಿ ಐತಿ. ನಾಳೆ ತನಕ ಮುಚ್ಚೂ ಹಂಗಿಲ್ಲ" ಎಂದ ಗೌಂಡಿ.

"ನಾಳೆ ಮುಚ್ಚಬೌದಲ್ಲ?" ಎಂದು ಹುಡುಗಿ ಕೇಳಿದಳು. ಅವನು ಹೂಂ ಅಂದ ಮೇಲೆ ಇನ್ನೊಮ್ಮೆ ಕೇಳಿದಳು. ಆಮೇಲೆ ಫೋನಿಗೆ, ತಾಯಿಗೆ, ಯಾವುದೋ ಬೇರೆ ಮಾತಿನ ನಡುವೆ ಹೇಳುವಂತೆ ಹೇಳಿದಳು: "ಐತವಾರ ಬರಂಗಿಲ್ಲ ಬಿಡು. ಸಾಲಿಗೆ ಹೋಗಬೇಕು."

ಕರೆ ಮುಗಿದ ಮೇಲೆ ತಾಯಿ ಫೋನನ್ನು ಪ್ಲಗ್ಗಿಗೆ ಸಿಕ್ಕಿಸಿದಳು. ಚಾರ್ಜು ಮುಕ್ಕಾಲು ಇತ್ತು. "ಅಕ್ಕಾರ, ಮುಂದಿನ ಸಲ ನೀವು ಹಾಕಿದ್ರ ಸೊನ್ನಿ ಸೊನ್ನಿನ ಇರ್ಲಿ" ಅಂದಳು. ಇರಲಿ ಅಂದೆ. ಕ್ಯಾನುಗಳನ್ನು ತರಲು ಹೋದಳು, ಗೇಟಿನ ಕೊಂಡಿಯನ್ನು ಬೆರಳಲ್ಲಿ ಹಿಡಿದುಕೊಂಡು.

ದೀಪ ಹಚ್ಚಿದ ಮೇಲೆ ನಾನು ಕೆಳಗಿನ ಮನೆಗೆ ಹೋದೆ. ಅಲ್ಲಿರುವವರು ಕಲಬುರಗಿ ಕಡೆಯ ಹಿರಿಯರು. ಅವರ ಯಜಮಾನರು ನಮ್ಮವರ ಕಾರ್ಖಾನೆಯಲ್ಲೇ ಇದ್ದು ನಿವೃತ್ತರಾದವರು. ಈ ಹಿರಿಯಾಕೆಯನ್ನು ನಾನು ಕಾಕು ಅನ್ನುತ್ತೇನೆ, ಆ ಕಡೆಯವರ ಚಿಕ್ಕಮ್ಮ. ಅವರು ಪೇಪರು ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಎದುರು ಕೂತು ಒಂದು ಕಟ್ಟು ಎಳೆದುಕೊಂಡು ನಾನೂ ಬಿಡಿಸುತ್ತ, ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದೆ. ಒಂದು ರೂಪಾಯಿ, ಮೈಕು, ನಿದ್ದೆಗೆಟ್ಟ ತಮ್ಮ, ಬಚ್ಚಲಿಗೆ ಒಡೆದ ಕಾಯಿ. ಕಾಕು ಆಯೇರಿಯ ಮಾತಿಗೆ ಅಚ್ಚರಿಪಡಲಿಲ್ಲ, ತಲೆದೂಗಿದರು ಅಷ್ಟೆ. ಅವರಿಗೆ ಅದೆಲ್ಲ ಗೊತ್ತಿದ್ದದ್ದೇ.

"ತಗಡಿಂದೇ ಬಾಗಲಾ?" ಎಂದು ಕೇಳಿದರು.

"ತಗಡಿನದೇ. ಹಸಿರು ಬಣ್ಣದ್ದು, ರೆಡಿಮೇಡು. ಚೆನ್ನಾಗಿದೆ."

ಕಾಕು ಹಳದಿಯಾದ ಒಂದು ಎಲೆಯನ್ನು ಆರಿಸಿ ಪಕ್ಕಕ್ಕೆ ಹಾಕಿದರು. "ಅಂಗಡ್ಯಾಗಿನ ಬಾಗಲಕ್ಕ ಚಿಲಕಾ ಹೊರಗಿಂದಷ್ಟೇ ಹಚ್ಚಿರ್ತಾರ ನೋಡ್ರಿ. ಒಳಗಿನ ಚಿಲಕಾ ನಾವೇ ಬ್ಯಾರೆ ತಂದು ಹಚ್ಚಿಸ್ಬೇಕಾಗ್ತದ."